ಯೋಗಕ್ಕೆ ಬೇರಿದೆ, ಪಹಣಿ ಇಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎನ್ಸಿನಿಟಾಸ್ ಅಂತ ಒಂದು ಕಡಲತಡಿಯ ಊರಿದೆ. 2013ರಲ್ಲಿ ಆ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಆಡಳಿತದ ಮೇಲೆ ಒಂದು ದಂಪತಿ ಕೇಸು ಹಾಕಿದರು. ಅವರ ದೂರು ಇಷ್ಟೇ: ಪಿ.ಟಿ. ಪೀರಿಯಡ್ಡಿನಲ್ಲಿ ಮಕ್ಕಳಿಗೆ ಯೋಗ ಹೇಳಿಕೊಡುತ್ತಿದ್ದಾರೆ. ಯೋಗ ಅಂದರೆ ಹಿಂದೂ ಧರ್ಮ. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ.

ಈ ವಾದ ಮಂಡಿಸಿದ್ದು ಸಂಪ್ರದಾಯಸ್ಥ ಕ್ರೈಸ್ತರ ಪರ ಕೇಸು ನಡೆಸುವ ವಕೀಲರು. "ಇದು ಬರೀ ವ್ಯಾಯಾಮ, ಧರ್ಮಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದಿದ್ದು ಶಾಲಾ ಆಡಳಿತ. ಯೋಗದ ಕ್ಲಾಸಿಗೆ ದುಡ್ಡು ಕೊಟ್ಟಿದ್ದು ನಮ್ಮ ಮೈಸೂರಿನ ಕೆ. ಪಟ್ಟಾಭಿ ಜೋಯಿಸರ ಹೆಸರಿನಲ್ಲಿ ಅಲ್ಲಿ ಶುರುವಾಗಿದ್ದ ಫೌಂಡೇಶನ್. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಿಂದೂ ಅಮೆರಿಕನ್ ಫೌಂಡೇಶನ್ ಅನ್ನೋ ಸಂಘಟನೆ "ಯೋಗದ ಬೇರು ಹಿಂದೂ ಧರ್ಮದಲ್ಲಿದೆ, ಅದನ್ನು ಒಪ್ಪಿಕೊಳ್ಳಿ" ಅಂತ ಅಭಿಯಾನ ನಡೆಸುತ್ತಿತ್ತು. ಅಂದರೆ ಚರ್ಚಿನ ಕಡೆಯ ವಕೀಲರು ಮತ್ತು ಹಿಂದೂ ಸಂಘಟನೆ ಒಂದೇ ಮಾತು ಹೇಳುತ್ತಿದ್ದರು. ಮೈಸೂರಿನ ಗುರುವಿನ ಹೆಸರಿನ ದುಡ್ಡು ಹೋಗಿದ್ದು "ಇದರಲ್ಲಿ ಧರ್ಮ ಇಲ್ಲ" ಅನ್ನುವ ಕಾರ್ಯಕ್ರಮಕ್ಕೆ.

ಇದನ್ನು ತಮಾಷೆ ಅಂತ ನಕ್ಕು ಬಿಡಬಹುದು. ಆದರೆ ಪ್ರತಿವರ್ಷ ಜೂನ್ 21 ಹತ್ತಿರ ಬಂದಾಗ ನಮ್ಮ ಟೈಮ್‌ಲೈನ್‌ನಲ್ಲೂ ಇದೇ ಜಗಳ ಶುರುವಾಗುತ್ತದೆ. "ಯೋಗ ಹಿಂದೂಗಳದ್ದು" ಅಂತ ಒಬ್ಬರು, "ಯೋಗಕ್ಕೆ ಧರ್ಮ ಇಲ್ಲ" ಅಂತ ಇನ್ನೊಬ್ಬರು. ಎಂಜಿನಿಯರಿಂಗ್ ಓದಿದ್ದಕ್ಕೆ ನನಗೆ ಅಂಟಿಕೊಂಡಿರೋ ಚಾಳಿ ಒಂದಿದೆ: ಬಗೆಹರಿಯದ ವಾದ ಕಂಡರೆ ಅದರೊಳಗೆ ಎರಡು ಬೇರೆ ಬೇರೆ ವೇರಿಯಬಲ್ ಕಲಸಿಹೋಗಿದೆಯಾ ಅಂತ ನೋಡೋದು. ಇಲ್ಲಿ ಮೂರು ಕಲಸಿವೆ. ಯೋಗ ಎಲ್ಲಿಂದ ಬಂತು ಅನ್ನೋದು ಚರಿತ್ರೆಯ ಪ್ರಶ್ನೆ. ಇವತ್ತು ಈ ಕೋಣೆಯಲ್ಲಿ ಮಾಡುತ್ತಿರೋದು ಧಾರ್ಮಿಕವೋ ಅಲ್ಲವೋ ಅನ್ನೋದು ಆಚರಣೆಯ ಪ್ರಶ್ನೆ. ಮಾಡಲೇಬೇಕು ಅಂತ ಯಾರಾದರೂ ಹೇಳಬಹುದಾ ಅನ್ನೋದು ಹಕ್ಕಿನ ಪ್ರಶ್ನೆ. ಒಂದರ ಉತ್ತರ ಇನ್ನೊಂದಕ್ಕೆ ಉತ್ತರವಾಗುವುದಿಲ್ಲ. ಒಂದೊಂದಾಗಿ ಬಿಡಿಸಿ ನೋಡೋಣ.

ಎನ್ಸಿನಿಟಾಸ್‌ನಲ್ಲಿ ಆಗಿದ್ದೇನು?

ಮೈಸೂರಿಗೂ ಎನ್ಸಿನಿಟಾಸ್‌ಗೂ ಹಳೇ ನಂಟು. ಹಾಸನ ಸೀಮೆಯ ಕೌಶಿಕ ಗ್ರಾಮದಲ್ಲಿ ಹುಟ್ಟಿ ಮೈಸೂರಿನಲ್ಲಿ ಅಷ್ಟಾಂಗ ಯೋಗ ಕಲಿಸುತ್ತಿದ್ದ ಪಟ್ಟಾಭಿ ಜೋಯಿಸರು 1975ರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದಾಗ ಇಳಿದುಕೊಂಡಿದ್ದು ಇದೇ ಊರಿನಲ್ಲಿ. ಜಗತ್ತಿನ ಯೋಗ ಶಾಲೆಗಳಲ್ಲಿ ಇವತ್ತಿಗೂ "ಮೈಸೂರು ಸ್ಟೈಲ್" ಅನ್ನೋ ಮಾತಿದೆ. ಮೇಷ್ಟ್ರು ಎಲ್ಲರಿಗೂ ಒಟ್ಟಿಗೆ ಹೇಳುತ್ತ ಹೋಗದೆ, ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಅಭ್ಯಾಸ ಮಾಡೋ ಕ್ರಮಕ್ಕೆ ಆ ಹೆಸರು.

ಜೋಯಿಸರು 2009ರಲ್ಲಿ ತೀರಿಕೊಂಡರು. ಅವರ ಹೆಸರಿನ ಫೌಂಡೇಶನ್ ಬೆಳೆಸುವುದರಲ್ಲಿ ಮುಂದೆ ನಿಂತವರು ಸೋನಿಯಾ ಜೋನ್ಸ್, ಹೆಡ್ಜ್ ಫಂಡ್ ಕುಬೇರ ಪಾಲ್ ಟ್ಯೂಡರ್ ಜೋನ್ಸ್ ಅವರ ಪತ್ನಿ. ಈ ಫೌಂಡೇಶನ್ ಎನ್ಸಿನಿಟಾಸ್ ಶಾಲೆಗಳಿಗೆ ಸುಮಾರು 5.33 ಲಕ್ಷ ಡಾಲರ್ ಕೊಟ್ಟಿತು. ವಾರಕ್ಕೆ ಎರಡು ಸಲ, ತಲಾ ಅರ್ಧ ಗಂಟೆ ಯೋಗ. ಬೇಡ ಅನ್ನುವ ಪೋಷಕರು ತಮ್ಮ ಮಕ್ಕಳನ್ನು ಹೊರಗಿಡಬಹುದಿತ್ತು.

ಆಕ್ಷೇಪ ಬಂದ ಮೇಲೆ ಶಾಲೆಗಳು ಒಂದಷ್ಟು ಬದಲಾವಣೆ ಮಾಡಿದವು. ಸಂಸ್ಕೃತದ ಹೆಸರುಗಳು ಹೋದವು. ಅಷ್ಟಾಂಗದ ಎಂಟು ಅಂಗಗಳನ್ನು ತೋರಿಸುವ ಪೋಸ್ಟರ್ ಗೋಡೆಯಿಂದ ಇಳಿಯಿತು. ಪದ್ಮಾಸನಕ್ಕೆ "ಕ್ರಿಸ್-ಕ್ರಾಸ್ ಆಪಲ್‌ಸಾಸ್" ಅಂತ ಹೆಸರಾಯಿತು. ಅಮೆರಿಕದ ಅಂಗನವಾಡಿ ಮಟ್ಟದ ಮಕ್ಕಳಿಗೆ ಕಾಲು ಮಡಚಿ ಕೂರಲು ಹೇಳುವ ಪ್ರಾಸದ ಮಾತು ಅದು. ನಮ್ಮಲ್ಲಿ ಇದಕ್ಕೆ ಇದಕ್ಕಿಂತ ಚೆಂದದ ಪದ ಮೊದಲಿನಿಂದ ಇದೆ: ಚಕ್ಕಳಮಕ್ಕಳ. ನಮ್ಮಜ್ಜಿಯರು ಹೀಗೇ ಕೂತು ಊಟ ಮಾಡಿದರು, ಅವರೆಕಾಯಿ ಬಿಡಿಸಿದರು, ಹೂ ಕಟ್ಟಿದರು. ಯಾರೂ ಅದನ್ನು ಯೋಗ ಅನ್ನಲಿಲ್ಲ, ಧರ್ಮ ಅಂತಲೂ ಅನ್ನಲಿಲ್ಲ. ಅದೇ ಕಾಲು, ಅದೇ ಮಂಡಿ. ಹೆಸರು, ಜಾಗ, ಉದ್ದೇಶ ಬದಲಾದಾಗ ಅದು ಬೇರೆಯೇ ಆಗುತ್ತದೆ. ಕೋರ್ಟಿನ ಮುಂದಿದ್ದ ಪ್ರಶ್ನೆಯೂ ಮೂಲದಲ್ಲಿ ಇದೇ.

ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶ ಜಾನ್ ಮೆಯರ್ 2013ರ ಜುಲೈ 1ರಂದು ಕೊಟ್ಟ ತೀರ್ಪಿನಲ್ಲಿ ಎರಡು ಮಾತಿವೆ. ಯೋಗದ ಬೇರು ಧಾರ್ಮಿಕವಾದದ್ದೇ ಅನ್ನೋದು ಮೊದಲನೆಯದು. ಈ ಶಾಲೆಗಳಲ್ಲಿ ಕಲಿಸುತ್ತಿರುವ ಯೋಗ ಧಾರ್ಮಿಕವಲ್ಲ ಅನ್ನೋದು ಎರಡನೆಯದು. ಪೋಷಕರು ಮೇಲ್ಮನವಿ ಹೋದರು. "ಸೆಡ್ಲಾಕ್ ವರ್ಸಸ್ ಬೇರ್ಡ್" ಅಂತ ಕರೆಯುವ ಆ ಪ್ರಕರಣದಲ್ಲಿ 2015ರ ಏಪ್ರಿಲ್ 3ರಂದು ಮೇಲ್ಮನವಿ ನ್ಯಾಯಾಲಯವೂ ಶಾಲೆಯ ಪರ ನಿಂತಿತು. ಕೋರ್ಟು ಬಳಸಿದ್ದು ಆಗ ಚಾಲ್ತಿಯಲ್ಲಿದ್ದ ಮೂರು ಪ್ರಶ್ನೆಗಳ ಪರೀಕ್ಷೆ: ಕಾರ್ಯಕ್ರಮದ ಉದ್ದೇಶ ಲೌಕಿಕವಾ? ಅದರ ಮುಖ್ಯ ಪರಿಣಾಮ ಯಾವುದಾದರೂ ಧರ್ಮಕ್ಕೆ ಒತ್ತಾಸೆಯೋ ಅಡ್ಡಿಯೋ ಆಗುತ್ತದಾ? ಸರ್ಕಾರ ಮತ್ತು ಧರ್ಮ ಒಂದಕ್ಕೊಂದು ಮಿತಿಮೀರಿ ತಳುಕು ಹಾಕಿಕೊಳ್ಳುತ್ತವಾ? (ಈ ಪರೀಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ಕೈಬಿಟ್ಟಿದೆ. ಇವತ್ತು ಅದೇ ಕೇಸು ಬಂದರೆ ತರ್ಕ ಬೇರೆ ದಾರಿ ಹಿಡಿಯಬಹುದು.)

ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ತೀರ್ಪೂ ಅಮೆರಿಕದಲ್ಲಿದೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನದ ಕೋರ್ಸ್ ಶುರುವಾಯಿತು. ವಿದ್ಯಾರ್ಥಿಗಳು ಹಣ್ಣು, ಹೂವು, ಬಿಳಿ ಕರವಸ್ತ್ರ ತರಬೇಕು, ಗುರುವಿನ ಪಟದ ಮುಂದೆ ಸಂಸ್ಕೃತ ಮಂತ್ರಗಳ ಪೂಜೆ ನಡೆಯುತ್ತದೆ, ಆಮೇಲೆ ಮಂತ್ರೋಪದೇಶ. ಕಲಿಸುವವರು "ಇದು ಧರ್ಮ ಅಲ್ಲ, ವಿಜ್ಞಾನ" ಅಂದರು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಕೋರ್ಸ್ ನಿಂತಿತು. ಹಣ್ಣು ಹೂವು ಇಟ್ಟು ಮಾಡೋದಕ್ಕೆ ವಿಜ್ಞಾನ ಅಂತ ಹೆಸರಿಟ್ಟರೂ ಅದು ಪೂಜೆಯೇ ಅಲ್ವಾ?

ಎರಡೂ ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಯೋಗ ಅಥವಾ ಧ್ಯಾನ ಎಲ್ಲಿ ಹುಟ್ಟಿತು ಅನ್ನೋದರ ಮೇಲೆ ಕೋರ್ಟು ತೀರ್ಮಾನ ಮಾಡಲಿಲ್ಲ. ಆ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಅನ್ನೋದನ್ನು ನೋಡಿತು.

ಬೇರು ಎಷ್ಟು ಹಿಂದೂ?

ಈಗ ಚರಿತ್ರೆಯ ಪ್ರಶ್ನೆ. "ಯೋಗಕ್ಕೂ ಹಿಂದೂ ಧರ್ಮಕ್ಕೂ ಸಂಬಂಧವೇ ಇಲ್ಲ" ಅನ್ನುವುದು ಸುಳ್ಳು. ಕಠೋಪನಿಷತ್ತು, ಶ್ವೇತಾಶ್ವತರ ಉಪನಿಷತ್ತು, ಭಗವದ್ಗೀತೆ ಎಲ್ಲದರಲ್ಲೂ ಯೋಗ ಇದೆ. ಪತಂಜಲಿಯ ಯೋಗಸೂತ್ರ ಭಾರತೀಯ ಷಡ್ದರ್ಶನಗಳಲ್ಲಿ ಒಂದರ ಮೂಲಗ್ರಂಥ. ಹಠಯೋಗದ ಹೆಸರಾಂತ ಗ್ರಂಥ ಹಠಪ್ರದೀಪಿಕೆ ಶುರುವಾಗುವುದೇ ಆದಿನಾಥನಾದ ಶಿವನಿಗೆ ನಮಿಸಿ. ವ್ಯಾಪಾರಕ್ಕೆ ತೊಡಕಾಗುತ್ತದೆ ಅಂತ ಇದನ್ನೆಲ್ಲ ಮುಚ್ಚಿಡುವ ಅಮೆರಿಕದ ಸ್ಟುಡಿಯೋಗಳ ಮೇಲೆ ಅಲ್ಲಿನ ಹಿಂದೂಗಳು ಸಿಟ್ಟಾಗಿದ್ದರಲ್ಲಿ ನ್ಯಾಯ ಇದೆ.

ಆದರೆ ಬೇರು ಅಗೆಯುತ್ತಾ ಹೋದರೆ ಅದು ಒಂದೇ ಗೂಟದಂತೆ ನೆಟ್ಟಗೆ ಇಳಿದಿಲ್ಲ, ಆಲದ ಬೇರಿನ ಹಾಗೆ ನಾಲ್ಕೂ ಕಡೆ ಹರಡಿದೆ. ಪತಂಜಲಿ ಹೇಳುವ ಐದು ಯಮಗಳು, ಅಹಿಂಸೆಯಿಂದ ಅಪರಿಗ್ರಹದವರೆಗೆ, ಜೈನರ ಐದು ಮಹಾವ್ರತಗಳೇ. ಧ್ಯಾನದ ಬಗ್ಗೆ ಬೌದ್ಧರಲ್ಲಿರುವ ಸಾಹಿತ್ಯ ಅಪಾರ. 12ನೇ ಶತಮಾನದ ಜೈನ ಆಚಾರ್ಯ ಹೇಮಚಂದ್ರ ಬರೆದ ಕೃತಿಯ ಹೆಸರೇ ಯೋಗಶಾಸ್ತ್ರ. ಹಠಯೋಗದ ತಂತ್ರಗಳನ್ನು ಮೊದಲು ವಿವರಿಸುವ 11ನೇ ಶತಮಾನದ ಅಮೃತಸಿದ್ಧಿ ಬೌದ್ಧ ತಾಂತ್ರಿಕ ವಲಯದಲ್ಲಿ ರಚನೆಯಾದದ್ದು ಅಂತ ವಿದ್ವಾಂಸ ಜೇಮ್ಸ್ ಮ್ಯಾಲಿನ್ಸನ್ ತೋರಿಸಿದ್ದಾರೆ. 11ನೇ ಶತಮಾನದಲ್ಲಿಯೇ ಅಲ್-ಬಿರೂನಿ ಪತಂಜಲಿಯನ್ನು ಅರಬ್ಬೀ ಭಾಷೆಗೆ ತಂದ. 16ನೇ ಶತಮಾನದಲ್ಲಿ ಗ್ವಾಲಿಯರ್‌ನ ಸೂಫಿ ಮುಹಮ್ಮದ್ ಗೌಸ್ ಯೋಗಾಭ್ಯಾಸಗಳ ಬಗ್ಗೆ ಪರ್ಷಿಯನ್‌ನಲ್ಲಿ ಬರೆದ.

ಇಷ್ಟು ದೂರ ಹೋಗೋದೇ ಬೇಡ, ಮಂಗಳೂರಿನ ಕದ್ರಿಗೆ ಹೋಗಿ. ಮಂಜುನಾಥ ದೇವಸ್ಥಾನದಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಇದು ಬೌದ್ಧರ ಅವಲೋಕಿತೇಶ್ವರ ಅನ್ನುವುದು ಅನೇಕ ವಿದ್ವಾಂಸರ ಅಭಿಪ್ರಾಯ. ಪಕ್ಕದಲ್ಲೇ ನಾಥಪಂಥದ ಜೋಗಿ ಮಠ. 12 ವರ್ಷಕ್ಕೊಮ್ಮೆ ನಾಥ ಜೋಗಿಗಳು ತ್ರ್ಯಂಬಕೇಶ್ವರದಿಂದ ಇಲ್ಲಿಗೆ ನಡೆದುಬರುತ್ತಾರೆ. ಬೌದ್ಧ, ನಾಥ, ಶೈವ ಮೂರೂ ಒಂದೇ ಗುಡ್ಡದ ಮೇಲೆ. ಎಲ್ಲಿ ಗೆರೆ ಎಳೀತೀರಿ?

ಇನ್ನೂ ಒಂದು ವಿಷಯ ನಮ್ಮವರಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. 15ನೇ ಶತಮಾನದ ಹಠಪ್ರದೀಪಿಕೆ ತನ್ನ ಸಿದ್ಧಪರಂಪರೆಯ ಪಟ್ಟಿ ಕೊಡುತ್ತದೆ. ಅದರಲ್ಲಿ ಅಲ್ಲಮ ಪ್ರಭುದೇವರ ಹೆಸರಿದೆ. ನಮ್ಮ ಅಲ್ಲಮ! ಆದರೆ ಕನ್ನಡದ ಪರಂಪರೆ ನೆನಪಿಟ್ಟುಕೊಂಡಿರೋ ಅಲ್ಲಮ ಹಠಯೋಗವನ್ನು ಪ್ರಶ್ನಿಸಿದವರು. ಗೋರಕ್ಷನ ಕಥೆ ನಿಮಗೆ ಗೊತ್ತಿರಬಹುದು. ಸಾಧನೆಯಿಂದ ವಜ್ರದಂತಾಗಿದ್ದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲ್ ಅಂತ ಸದ್ದು ಬಂತು. ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಲ್ಲಿ ಹಾದಂತೆ ಹಾದುಹೋಯಿತು. ದೇಹ ಗಟ್ಟಿ ಮಾಡಿಕೊಳ್ಳುವುದೇ ಯೋಗವಾ ಅನ್ನುವ ಚರ್ಚೆಯನ್ನು ಕನ್ನಡಿಗರು ಕ್ಯಾಲಿಫೋರ್ನಿಯಾದ ಜಿಮ್‌ಗಳಿಗಿಂತ ಎಷ್ಟೋ ಶತಮಾನ ಮೊದಲೇ ಮಾಡಿದ್ದಾರೆ.

ಬೇರಿನ ಮಾತು ಬಂದಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಹಿಂದೂ ಅಂದರೆ ಯಾರು? ಹಠಯೋಗವನ್ನು ಉಳಿಸಿಕೊಂಡು ಬಂದವರಲ್ಲಿ ದೊಡ್ಡ ಪಾಲು ನಾಥ ಜೋಗಿಗಳಂಥ ಅಲೆಮಾರಿಗಳದ್ದು. 19ನೇ ಶತಮಾನದ ಸುಶಿಕ್ಷಿತ ಮೇಲ್ವರ್ಗಕ್ಕೆ ಅವರನ್ನು ಕಂಡರೆ ಮುಜುಗರ. 1893ರಲ್ಲಿ ಷಿಕಾಗೋಗೆ ಹೋದ ವಿವೇಕಾನಂದರು 1896ರಲ್ಲಿ ಪ್ರಕಟಿಸಿದ ರಾಜಯೋಗದಲ್ಲಿ ಹಠಯೋಗವನ್ನು ಪಕ್ಕಕ್ಕಿಟ್ಟರು. ಅದರಿಂದ ಆಧ್ಯಾತ್ಮಿಕವಾಗಿ ಹೆಚ್ಚೇನೂ ದಕ್ಕುವುದಿಲ್ಲ ಅನ್ನೋದು ಅವರ ನಿಲುವು. ಪಶ್ಚಿಮಕ್ಕೆ ಮೊದಲು ಹೋದ ಯೋಗವೇ ಹೀಗೆ ಸೋಸಿ ಹೋದ ಯೋಗ. ಕಿನ್ನರಿ ನುಡಿಸುತ್ತ ಮನೆಬಾಗಿಲಿಗೆ ಬರುತ್ತಿದ್ದ ಜೋಗಿಯನ್ನು ನಾವು ಜೋಳಿಗೆ ಹಿಡಿದವನು ಅಂತಷ್ಟೇ ನೋಡಿದೆವು. ಈಗ ಯೋಗದ ವಾರಸುದಾರರ ಪಟ್ಟಿಯಲ್ಲಿ ಅವನ ಹೆಸರನ್ನು ಯಾರೂ ಹೇಳುವುದಿಲ್ಲ.

ಅರಮನೆಯ ಪಕ್ಕದಲ್ಲಿ ಹುಟ್ಟಿದ ಹೊಸ ಯೋಗ

ಇವತ್ತು ನ್ಯೂಯಾರ್ಕ್‌ನಲ್ಲೋ ಜಯನಗರದಲ್ಲೋ ಮ್ಯಾಟ್ ಹಾಸಿ ಮಾಡುವ ಯೋಗ ಪತಂಜಲಿಯಿಂದ ನೇರವಾಗಿ ಬಂದದ್ದಲ್ಲ. ಯೋಗಸೂತ್ರದಲ್ಲಿರುವ 195 ಚಿಲ್ಲರೆ ಸೂತ್ರಗಳಲ್ಲಿ ಆಸನದ ವಿವರಣೆಗೆ ಮೀಸಲಾದದ್ದು ಮೂರು. ಹಠಪ್ರದೀಪಿಕೆಯಲ್ಲಿ 15 ಆಸನ, ಹೆಚ್ಚಿನವು ಕೂತು ಮಾಡುವಂಥವು. ಹಾಗಾದರೆ ನಿಂತು, ಬಾಗಿ, ಜಿಗಿದು, ಬೆವರಿಳಿಸುವ ಈ ಯೋಗ ಎಲ್ಲಿಂದ ಬಂತು?

ಅದರ ಒಂದು ದೊಡ್ಡ ಭಾಗ ಮೈಸೂರಿನಿಂದ ಬಂತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟರು. ಅವರ "ಯೋಗ ಮಕರಂದ" 1934ರಲ್ಲಿ ಪ್ರಕಟವಾಯಿತು, ಕನ್ನಡದಲ್ಲಿ. ಅವರ ಶಿಷ್ಯರು ಮೂವರನ್ನು ನೋಡಿದರೆ ಜಗತ್ತಿನ ಯೋಗದ ನಕ್ಷೆಯೇ ಸಿಗುತ್ತದೆ. ಪಟ್ಟಾಭಿ ಜೋಯಿಸರ ವಿಷಯ ಆಗಲೇ ಬಂತು. ಎರಡನೆಯವರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಕೃಷ್ಣಮಾಚಾರ್ಯರು ಅವರ ಭಾವ. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದರು, 1966ರಲ್ಲಿ ಬಂದ ಅವರ "ಲೈಟ್ ಆನ್ ಯೋಗ" ಪುಸ್ತಕ ಪಶ್ಚಿಮದ ಯೋಗ ಶಿಕ್ಷಕರಿಗೆ ಪಠ್ಯವೇ ಆಯಿತು. ಮೂರನೆಯವರು ಇಂದ್ರಾ ದೇವಿ, ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಮಹಿಳೆ. ಮೈಸೂರಿನಲ್ಲಿ ಕಲಿತು ಆಮೇಲೆ ಹಾಲಿವುಡ್‌ನಲ್ಲಿ ಸ್ಟುಡಿಯೋ ತೆರೆದರು.

ಕೃಷ್ಣಮಾಚಾರ್ಯರ ಯೋಗಶಾಲೆ ಖಾಲಿ ಜಾಗದಲ್ಲಿ ಹುಟ್ಟಿದ್ದಲ್ಲ. ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ "ಶ್ರೀತತ್ತ್ವನಿಧಿ" ಇತ್ತು. ಅದರಲ್ಲಿ 122 ಆಸನಗಳ ಚಿತ್ರಗಳಿವೆ. ಗರಡಿಮನೆ ಇತ್ತು, ಜಿಮ್ನಾಸ್ಟಿಕ್ಸ್ ಇತ್ತು. ಔಂಧ್ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ದೇಶಕ್ಕೆಲ್ಲ ಹರಡುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ದೇಹದಾರ್ಢ್ಯದ ಜೊತೆ ಅದನ್ನು ಕಲಿಸುತ್ತಿದ್ದರು. ಹೌದು, "ಶಾಂತಲಾ" ಕಾದಂಬರಿ ಬರೆದ ಅದೇ ಅಯ್ಯರ್. ನಾರ್ಮನ್ ಶೋಮನ್ 1996ರಲ್ಲಿ, ಮಾರ್ಕ್ ಸಿಂಗಲ್ಟನ್ 2010ರಲ್ಲಿ ಬರೆದ ಪುಸ್ತಕಗಳು ಈ ಎಲ್ಲ ಎಳೆಗಳೂ ಮೈಸೂರಿನ ಯೋಗದಲ್ಲಿ ಸೇರಿವೆ ಅಂತ ವಾದಿಸುತ್ತವೆ. ಪರಂಪರೆಯವರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಜೋಯಿಸರ ಪರಂಪರೆ ತನ್ನ ಕ್ರಮಕ್ಕೆ "ಯೋಗ ಕೊರುಂಟ" ಅನ್ನೋ ಪ್ರಾಚೀನ ಗ್ರಂಥವೇ ಆಧಾರ ಅನ್ನುತ್ತದೆ. ಆ ಗ್ರಂಥ ಮಾತ್ರ ವಿದ್ವಾಂಸರ ಕೈಗೆ ಸಿಕ್ಕಿಲ್ಲ.

ಹೊಸದು ಅಂದಕೂಡಲೇ ನಕಲಿ ಅಂತ ಅರ್ಥ ಅಲ್ಲ. ಕೃಷ್ಣಮಾಚಾರ್ಯರು ನಿಷ್ಠಾವಂತ ಶ್ರೀವೈಷ್ಣವರು, ಶಾಸ್ತ್ರ ಓದಿದವರು. ಅವರಿಗೆ ಯೋಗ ಮತ್ತು ಭಕ್ತಿ ಬೇರೆಯಾಗಿರಲಿಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಇದು ಹಳೇ ಕೋಡ್ ಮೇಲೆ ಬರೆದ ಹೊಸ ವರ್ಷನ್. ಪಶ್ಚಿಮದವರು ಅದರಿಂದ ಇನ್ನೊಂದು ಮಾಡಿಕೊಂಡರು. ಅಂದರೆ ಯೋಗವನ್ನು ಕಾಲಕ್ಕೆ ತಕ್ಕಂತೆ ತಿದ್ದುವ ಕೆಲಸ ಅಮೆರಿಕದಲ್ಲಿ ಶುರುವಾಗಲಿಲ್ಲ, ಮೈಸೂರಿನಲ್ಲೇ ನಡೆದಿತ್ತು.

ಹೆಸರು ಕಿತ್ತರೆ ಧರ್ಮ ಹೋಗುತ್ತದಾ?

ಎನ್ಸಿನಿಟಾಸ್ ಕೇಸಿನಲ್ಲಿ ಪೋಷಕರ ಪರ ಸಾಕ್ಷಿ ಹೇಳಿದವರು ಇಂಡಿಯಾನಾ ವಿಶ್ವವಿದ್ಯಾಲಯದ ಧರ್ಮ ಅಧ್ಯಯನದ ಪ್ರಾಧ್ಯಾಪಕಿ ಕ್ಯಾಂಡಿ ಗುಂಥರ್ ಬ್ರೌನ್. ಅವರ ವಾದದಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಧರ್ಮ ಅಂದರೆ ನಂಬಿಕೆ, ನಂಬಿಕೆ ಅಂದರೆ ಮಾತು ಅನ್ನೋದು ಪ್ರಾಟೆಸ್ಟಂಟ್ ಕ್ರೈಸ್ತರ ಕಲ್ಪನೆ. ಅಮೆರಿಕದ ಕಾನೂನು ಆ ಕಲ್ಪನೆಯಲ್ಲೇ ಬೆಳೆದಿದೆ. ಮಾತು ತೆಗೆದರೆ ಧರ್ಮ ಹೋಯಿತು ಅಂತ ಅದಕ್ಕೆ ಅನ್ನಿಸುತ್ತದೆ. ಆದರೆ ಕೆಲವು ಧರ್ಮಗಳಲ್ಲಿ ದೇಹದಿಂದ ಮಾಡುವ ಕ್ರಿಯೆಯೇ ಧರ್ಮ.

ಕೇಸಿನಲ್ಲಿ ಅವರ ಕಡೆಯವರು ಸೋತರು, ಆದರೆ ಈ ಮಾತು ನಮಗೆ ಅರ್ಥವಾಗುವಂಥದ್ದು. ದೇವಸ್ಥಾನಕ್ಕೆ ಹೋದಾಗ ನಾವು ಯಾವ ನಂಬಿಕೆಯ ಪ್ರಮಾಣವಚನವನ್ನೂ ಓದುವುದಿಲ್ಲ. ಚಪ್ಪಲಿ ಬಿಡುತ್ತೇವೆ, ಸುತ್ತು ಬರುತ್ತೇವೆ, ಅಡ್ಡಬೀಳುತ್ತೇವೆ. ಮಸೀದಿಯಲ್ಲೂ ಮೈ ಬಾಗುವುದೇ ನಮಾಜಿನ ಭಾಗ. ಹಾಗಾಗಿ "ಸೂರ್ಯನಮಸ್ಕಾರ ಬರೀ ಎಕ್ಸರ್‌ಸೈಜ್ ಕಣ್ರೀ, ಅದಕ್ಯಾಕೆ ತಕರಾರು" ಅಂತ ಹೇಳುವವರು ಒಂದು ಕ್ಷಣ ಯೋಚಿಸಬೇಕು. ದೇವರೊಬ್ಬನಿಗಲ್ಲದೆ ಬೇರಾರಿಗೂ ತಲೆಬಾಗಬಾರದು ಅಂತ ಮನೆಯಲ್ಲಿ ಕಲಿತ ಮಗುವಿಗೆ "ನಮಸ್ಕಾರ" ಅನ್ನೋದು ಬರೀ ಹೆಸರಲ್ಲ. ನಿಮಗೆ ಅದು ವ್ಯಾಯಾಮ ಆಗಿರಬಹುದು, ಅವನಿಗೆ ಆಗದೇ ಇರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮಾತು ಕಿತ್ತುಹಾಕಿದರೆ ಸಾಕು ಅನ್ನುವ ಧೋರಣೆ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಅಲಬಾಮಾ ಉದಾಹರಣೆ. ಆ ರಾಜ್ಯದ ಶಾಲೆಗಳಲ್ಲಿ 1993ರಲ್ಲಿ ಯೋಗವನ್ನೇ ನಿಷೇಧಿಸಿದ್ದರು. 2021ರಲ್ಲಿ ಹೊಸ ಕಾನೂನು ಬಂದು ನಿಷೇಧ ಸಡಿಲವಾಯಿತು. ಆದರೆ ಷರತ್ತು ನೋಡಿ: ಆಸನಗಳಿಗೆ ಇಂಗ್ಲಿಷ್ ಹೆಸರು ಮಾತ್ರ, ಮಂತ್ರ ಕೂಡದು, ಮುದ್ರೆ ಕೂಡದು, "ನಮಸ್ತೆ" ಅನ್ನುವಂತಿಲ್ಲ, ಪೋಷಕರ ಒಪ್ಪಿಗೆ ಪತ್ರ ಬೇಕು. ಒಪ್ಪಿಗೆ ಕೇಳುವುದು ಸರಿಯಾದ ಕ್ರಮವೇ. ಆದರೆ ಒಬ್ಬರನ್ನೊಬ್ಬರು ಮಾತಾಡಿಸುವ ನಮಸ್ತೆಯನ್ನೂ ಸೋಂಕಿನ ಹಾಗೆ ಕಾಣೋದು ಸೆಕ್ಯುಲರಿಸಂ ಅಲ್ಲ. ಅದು ವಸ್ತು ಬೇಕು, ಅದರ ಜನ ಬೇಡ ಅನ್ನುವ ಮನಸ್ಸು. ಅಲ್ಲಿನ ಹಿಂದೂ ಮಗುವಿಗೆ ಮನೆಯ ಭಾಷೆ ಶಾಲೆಯ ಗೇಟಿನಲ್ಲಿ ಬಿಟ್ಟು ಬರಬೇಕಾದ ಚಪ್ಪಲಿ ಥರ ಅನ್ನಿಸಿದರೆ ಅಚ್ಚರಿ ಇಲ್ಲ.

ದೆಹಲಿಯ ಎರಡು ನಾಲಿಗೆ

"ಪಶ್ಚಿಮದವರು ಯೋಗದಿಂದ ಧರ್ಮವನ್ನು ಕಿತ್ತುಹಾಕಿದರು" ಅನ್ನೋ ದೂರು ಕೇಳಿದಾಗಲೆಲ್ಲ ನನಗೆ ವಿಶ್ವಸಂಸ್ಥೆಯ ನಿರ್ಣಯ ನೆನಪಾಗುತ್ತದೆ. 2014ರ ಡಿಸೆಂಬರ್ 11ರಂದು 177 ದೇಶಗಳ ಸಹಪ್ರಾಯೋಜನೆಯಲ್ಲಿ ಅಂತರರಾಷ್ಟ್ರೀಯ ಯೋಗ ದಿನಕ್ಕೆ ಒಪ್ಪಿಗೆ ಸಿಕ್ಕಿತು. ಪ್ರಸ್ತಾವ ಭಾರತದ್ದು. ಅದು ಮಂಡನೆಯಾದದ್ದು ಜಾಗತಿಕ ಆರೋಗ್ಯ ಅನ್ನೋ ವಿಷಯದಡಿ, ಅದರ ಭಾಷೆಯೂ ಆರೋಗ್ಯದ್ದೇ. ಹಾಗಿಲ್ಲದಿದ್ದರೆ ಅಷ್ಟು ದೇಶಗಳು ಕೈ ಎತ್ತುತ್ತಿರಲಿಲ್ಲ. ಯೋಗವನ್ನು ಧರ್ಮದಿಂದ ಬಿಡಿಸಿ ಜಗತ್ತಿಗೆ ಕೊಟ್ಟವರಲ್ಲಿ ಭಾರತ ಸರ್ಕಾರದ ಪಾತ್ರ ಯಾವ ಅಮೆರಿಕನ್ ಸ್ಟುಡಿಯೋಗೂ ಕಡಿಮೆ ಇಲ್ಲ.

ಅದೇ ಸರ್ಕಾರದ ಯೋಗ ದಿನದ ಸಾಮಾನ್ಯ ಶಿಷ್ಟಾಚಾರ ಪ್ರಾರ್ಥನೆಯಿಂದ ಶುರುವಾಗಿ ಶಾಂತಿಪಾಠದಲ್ಲಿ ಮುಗಿಯುತ್ತದೆ. ಅದನ್ನು ಇದ್ದ ಹಾಗೇ ಎನ್ಸಿನಿಟಾಸ್ ಕ್ಲಾಸಿಗೆ ತೆಗೆದುಕೊಂಡು ಹೋದರೆ ಪಾಸಾಗೋದು ಕಷ್ಟ. 2015ರ ಮೊದಲ ಯೋಗ ದಿನಕ್ಕೆ ಮುಂಚೆ ಮುಸ್ಲಿಂ ಸಂಘಟನೆಗಳ ಆಕ್ಷೇಪ ಬಂದಾಗ ಸೂರ್ಯನಮಸ್ಕಾರವನ್ನು ಆ ಕಾರ್ಯಕ್ರಮದಿಂದ ಹೊರಗಿಡಲಾಯಿತು. ಆರು ವರ್ಷದ ನಂತರ, 2021ರ ಡಿಸೆಂಬರ್‌ನಲ್ಲಿ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹೆಸರಿನ 75 ಕೋಟಿ ಸೂರ್ಯನಮಸ್ಕಾರದ ಯೋಜನೆಗಾಗಿ ಕರ್ನಾಟಕದ ಪದವಿಪೂರ್ವ ಶಿಕ್ಷಣ ಇಲಾಖೆಯೇ ಕಾಲೇಜುಗಳಿಗೆ ಸುತ್ತೋಲೆ ಕಳಿಸಿತು. ಮರುತಿಂಗಳು ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಈ ಯೋಜನೆಗೆ ವಿರೋಧ ಹೇಳಿತು. 2022ರ ಜೂನ್ 21ರಂದು ಪ್ರಧಾನಿ ಮೈಸೂರು ಅರಮನೆ ಮೈದಾನದಲ್ಲೇ ಯೋಗ ಮಾಡಿ "ಇಡೀ ಮನುಕುಲದ್ದು" ಅನ್ನುವ ಅರ್ಥದ ಘೋಷವಾಕ್ಯದಡಿ ದಿನ ಆಚರಿಸಿದರು. ಹೊರಗಡೆಗೆ ಮನುಕುಲದ್ದು, ಒಳಗಡೆ ದೇಶಭಕ್ತಿಯ ಹಾಜರಿ ಪುಸ್ತಕ.

ತೆರಿಗೆ ಇಲಾಖೆಗೂ ಈ ಗೊಂದಲ ತಪ್ಪಿಲ್ಲ. 2015ರ ಹಣಕಾಸು ಕಾಯ್ದೆಯಿಂದ ಯೋಗ ಆದಾಯ ತೆರಿಗೆಯ ಲೆಕ್ಕದಲ್ಲಿ ದತ್ತಿ ಉದ್ದೇಶಗಳ ಪಟ್ಟಿಗೆ ಸೇರಿತು. ಆದರೆ ಬಾಬಾ ರಾಮ್‌ದೇವ್ ಅವರ ಪತಂಜಲಿ ಯೋಗಪೀಠ ಟ್ರಸ್ಟ್ ಪ್ರವೇಶ ಶುಲ್ಕ ತೆಗೆದುಕೊಂಡು ನಡೆಸಿದ ಶಿಬಿರಗಳು "ಆರೋಗ್ಯ ಮತ್ತು ಫಿಟ್ನೆಸ್ ಸೇವೆ", ಸೇವಾ ತೆರಿಗೆ ಕಟ್ಟಬೇಕು ಅಂತ ನ್ಯಾಯಮಂಡಳಿ ಹೇಳಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಎನ್ಸಿನಿಟಾಸ್ ಶಾಲೆ ಹೇಳಿದ್ದಕ್ಕೂ ಇದಕ್ಕೂ ಎಷ್ಟು ದೂರ?

ಹಾಗಾದರೆ ಅಳತೆಗೋಲು ಯಾವುದು?

ನನ್ನ ಮಟ್ಟಿಗೆ ಉತ್ತರ ಬೇರಿನಲ್ಲೂ ಇಲ್ಲ, ಹೆಸರಿನಲ್ಲೂ ಇಲ್ಲ. ಬೇರು ಇದೆ ಅಂದಮಾತ್ರಕ್ಕೆ ಯಾರ ಹೆಸರಿಗೂ ಪಹಣಿ ಆಗುವುದಿಲ್ಲ. ಅಮೆರಿಕದ ಬಿಕ್ರಮ್ ಚೌಧರಿ ತಮ್ಮ 26 ಆಸನಗಳ ಕ್ರಮಕ್ಕೆ ಕಾಪಿರೈಟ್ ಕೇಳಿದಾಗ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಕೊಡಲಿಲ್ಲ. ಒಬ್ಬ ವ್ಯಕ್ತಿಯ ಹೆಸರಿಗೆ ಆಗದ್ದು ಒಂದು ಪಕ್ಷದ, ಒಂದು ಸರ್ಕಾರದ ಹೆಸರಿಗೂ ಆಗಬಾರದು. ಹಾಗೆಯೇ, ಹೆಸರು ಬದಲಿಸಿದ ಮಾತ್ರಕ್ಕೆ ಎಲ್ಲರ ಆಕ್ಷೇಪವೂ ಕರಗುವುದಿಲ್ಲ. ಉಳಿಯುವ ಪ್ರಶ್ನೆ ಒಂದೇ: ಬೇಡ ಅನ್ನುವವರು ದಂಡ, ಅವಮಾನ, ಹಾಜರಿ ಕಡಿತದ ಭಯ ಇಲ್ಲದೆ ಬೇಡ ಅನ್ನಬಹುದಾ?

ಇದಕ್ಕೆ ಅಮೆರಿಕದ ಕಡೆ ನೋಡಬೇಕಾಗಿಲ್ಲ. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ದುಡ್ಡಿನ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. 1986ರ ಬಿಜೋಯ್ ಇಮ್ಯಾನುಯೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು ಆದರೆ ಹಾಡದೆ ಇದ್ದ ಕೇರಳದ ಮೂರು ಮಕ್ಕಳ ಪರ ಸುಪ್ರೀಂ ಕೋರ್ಟ್ ನಿಂತಿತು. ಅವರ ನಂಬಿಕೆ ನಮಗೆ ಸರಿ ಅನ್ನಿಸಬೇಕಾಗಿಲ್ಲ, ಅದು ಪ್ರಾಮಾಣಿಕವಾಗಿದ್ದರೆ ಸಾಕು ಅನ್ನೋದು ಆ ತೀರ್ಪಿನ ತಿರುಳು. ರಾಷ್ಟ್ರಗೀತೆಗೇ ಅಷ್ಟು ಅವಕಾಶ ಇದ್ದರೆ ಸೂರ್ಯನಮಸ್ಕಾರಕ್ಕೆ ಇರಬೇಡವಾ? ಶಾಲೆಗಳಲ್ಲಿ ಯೋಗ ಕಡ್ಡಾಯ ಮಾಡಿ ಅಂತ ಕೇಳಿದ ಅರ್ಜಿಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಶಾಲೆಯಲ್ಲಿ ಏನು ಕಲಿಸಬೇಕು ಅಂತ ಹೇಳುವುದು ನಮ್ಮ ಕೆಲಸ ಅಲ್ಲ ಅಂದಿತು.

ಮುಂದಿನ ಸಲ ನಿಮ್ಮ ಕಾಲೇಜಿಗೋ ತಮ್ಮನ ಶಾಲೆಗೋ ಯೋಗದ ಸುತ್ತೋಲೆ ಬಂದರೆ ಮೂರು ವಿಷಯ ನೋಡಿ. ಅದರಲ್ಲಿ "ಕಡ್ಡಾಯ" ಅಥವಾ ಕಡ್ಡಾಯದ ಅರ್ಥ ಬರುವ ಪದ ಇದೆಯಾ? ಬೇಡ ಅನ್ನುವವರಿಗೆ ಅದೇ ಹೊತ್ತಿನಲ್ಲಿ ಬೇರೆ ವ್ಯಾಯಾಮದ ಅವಕಾಶ ಕೊಟ್ಟಿದ್ದಾರಾ? ಬರದವರ ಪಟ್ಟಿ ಯಾರ ಕೈಗೆ ಹೋಗುತ್ತದೆ? ಮೂರಕ್ಕೂ ಸರಿಯಾದ ಉತ್ತರ ಇದ್ದರೆ ಓಂಕಾರ ಇರಲಿ, ಬಿಡಲಿ, ಜಗಳ ಮುಕ್ಕಾಲು ಪಾಲು ಮುಗಿದ ಹಾಗೆ. ಉತ್ತರ ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆಯಿರಿ, 28ನೇ ವಿಧಿಯನ್ನು ನಮೂದಿಸಿ. ಯೋಗ ಇಷ್ಟಪಡುವವರೇ ಬರೆದರೆ ಇನ್ನೂ ಒಳ್ಳೆಯದು.